ಅಡ್ಡಹೆಸರು ಯಾರದು?

ಕಳೆದ ತಿಂಗಳು ಪುಣೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕುಶಲ ಸಮಾಚಾರವೆಲ್ಲ ಮುಗಿದ ಬಳಿಕ, "ಸರ್, ಮಗಳ ಶಾಲೆಯಲ್ಲಿ ತಮ್ಮ ತಮ್ಮ ಅಡ್ಡಹೆಸರಿನ ಬಗ್ಗೆ ಹತ್ತು ಸಾಲು ಬರೆದು ತರಲು ಹೇಳಿದ್ದಾರೆ. ನಮ್ಮ ಅಡ್ಡಹೆಸರು ಒಂದು ಊರಿನದು. ಆ ಊರಲ್ಲಿ ನಮಗೆ ಹೊಲವೂ ಇಲ್ಲ, ಮನೆಯೂ ಇಲ್ಲ, ನಾನು ಒಮ್ಮೆಯೂ ಹೋಗಿಲ್ಲ. ಮಗಳಿಗೆ ಏನೆಂದು ಹೇಳಲಿ?" ಎಂದು ಕೇಳಿದ. ಆ ಹೊತ್ತಿಗೆ ತೋಚಿದ್ದನ್ನು ಹೇಳಿ ಮುಗಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಡ್ಡಹೆಸರಿನ ವಿಷಯದಲ್ಲಿ ನನ್ನದೇ ಒಂದು ಹಳೆಯ ಸಾಲ ಬಾಕಿ ಇದೆ. ಅದನ್ನು ಇಲ್ಲಿ ಒಪ್ಪಿಕೊಳ್ಳುವ ಮೊದಲು ನಮ್ಮ ಸೀಮೆಯ ಹೆಸರುಗಳ ಬಗ್ಗೆ ನಾಲ್ಕು ಮಾತು ಹೇಳಬೇಕು.

ನಾನು ತರಗತಿಯಲ್ಲಿ ಆಗಾಗ ಕೇಳುತ್ತಿದ್ದ ಒಂದು ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು: "ಹುಕ್ಕೇರಿ ಬಾಳಪ್ಪನವರ ಊರು ಯಾವುದು?" ಇಡೀ ತರಗತಿ ಒಂದೇ ಧ್ವನಿಯಲ್ಲಿ "ಹುಕ್ಕೇರಿ" ಎನ್ನುತ್ತಿತ್ತು. ಉತ್ತರ ತಪ್ಪು. ಸಾವಿರ ಹಾಡುಗಳ ಸರದಾರರೆಂದು ಹೆಸರಾದ ಬಾಳಪ್ಪನವರು 1911ರಲ್ಲಿ ಹುಟ್ಟಿದ್ದು ಸವದತ್ತಿ ತಾಲೂಕಿನ ಮುರಗೋಡದಲ್ಲಿ. ಅವರು 1992ರಲ್ಲಿ ತೀರಿಕೊಳ್ಳುವವರೆಗೆ ನಾಡಿನ ಉದ್ದಗಲಕ್ಕೂ ಹೊತ್ತು ನಡೆದದ್ದು ಮಾತ್ರ ನಮ್ಮ ಊರಿನ ಹೆಸರನ್ನು. ಅದೇ ಹೆಸರಿಗೆ ಮುಂಬಯಿ ಪ್ರಾಂತದ ರೂಢಿಯಂತೆ 'ಕರ' ಸೇರಿಸಿಕೊಂಡವರು ಹುಕ್ಕೇರಿಕರ ರಾಮರಾಯರು. ಧಾರವಾಡದಲ್ಲಿ ರಾಷ್ಟ್ರೀಯ ಶಿಕ್ಷಣಕ್ಕಾಗಿಯೂ ಸ್ವಾತಂತ್ರ್ಯಕ್ಕಾಗಿಯೂ ದುಡಿದವರು. ಇನ್ನು ಗೋಕಾಕ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಜಲಪಾತ ಮತ್ತು ಕರದಂಟು, ಆಮೇಲೆ ವಿನಾಯಕರು. 1990ರ ಜ್ಞಾನಪೀಠ ಪ್ರಶಸ್ತಿ ಪಡೆದ, ಕನ್ನಡಕ್ಕಾಗಿ ನಡೆದ ದೊಡ್ಡ ಚಳವಳಿಗೇ ತಮ್ಮ ಹೆಸರು ಅಂಟಿಕೊಂಡ ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ.

ಇದರಲ್ಲಿ ಸೋಜಿಗವೇನೂ ಇಲ್ಲ. ಊರಲ್ಲೇ ಇದ್ದವನನ್ನು ಊರ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಹುಕ್ಕೇರಿಯ ಪೇಟೆಯಲ್ಲಿ ನಿಂತು "ಏ ಹುಕ್ಕೇರಿ" ಎಂದು ಕೂಗಿದರೆ ಯಾರು ತಿರುಗಿ ನೋಡಬೇಕು? ಬರಗಾಲಕ್ಕೋ, ನೌಕರಿಗೋ, ದಾಯಾದಿ ಕಲಹಕ್ಕೋ ಊರು ಬಿಟ್ಟು ಹೋದವನನ್ನು ಹೊಸ ಊರಿನವರು "ಹುಕ್ಕೇರಿಯಿಂದ ಬಂದವರು" ಎಂದು ಗುರುತಿಸುತ್ತಾರೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಅದೇ ಅಡ್ಡಹೆಸರಾಗುತ್ತದೆ. ಅಂದರೆ ಊರ ಹೆಸರಿನ ಅಡ್ಡಹೆಸರು ಸಾಮಾನ್ಯವಾಗಿ ಊರು ಬಿಟ್ಟವರ ಆಸ್ತಿ. ಪುಣೆಯ ನನ್ನ ಶಿಷ್ಯನಿಗೆ ನಾನು ಹೇಳಿದ್ದೂ ಇಷ್ಟೇ.

ಆದರೆ ಇದಕ್ಕೆ ಒಂದು ಅಪವಾದವಿದೆ. ಕಲಾವಿದರು ಊರು ಬಿಡದೆಯೇ ಊರ ಹೆಸರನ್ನು ಪಡೆಯುತ್ತಾರೆ. ಅವರ ಆಟ ಹತ್ತೂರಿನ ಜಾತ್ರೆಗಳಿಗೆ ಹೋಗುತ್ತದೆ, ಹತ್ತೂರಿನ ಜನ ಅವರ ಹೆಸರಿನ ಹಿಂದೆ ಊರನ್ನು ಸೇರಿಸಿ ಕರೆಯುತ್ತಾರೆ, ಬೆಳಗಾದ ಮೇಲೆ ಅವರು ಮತ್ತೆ ತಮ್ಮ ಮನೆಗೆ ಮರಳುತ್ತಾರೆ. ಈ ಎರಡೂ ಬಗೆಯ ಹೆಸರುಗಳು ಒಂದೇ ಊರಿನಲ್ಲಿ ಕೂಡಿದ್ದನ್ನು ನೋಡಬೇಕಾದರೆ ಗೋಕಾಕ ಸೀಮೆಯ ಕೌಜಲಗಿಯನ್ನು ನೆನೆಯಬೇಕು.

ಕೌಜಲಗಿ ಎಂಬ ಅಡ್ಡಹೆಸರು ಕರ್ನಾಟಕದ ಸಾರ್ವಜನಿಕ ಜೀವನದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೌಜಲಗಿ ಶ್ರೀನಿವಾಸರಾಯರು ವಿಜಾಪುರದಲ್ಲಿ ನೆಲೆಸಿ ಸ್ವಾತಂತ್ರ್ಯ ಹೋರಾಟದಲ್ಲಿಯೂ ಕರ್ನಾಟಕ ಏಕೀಕರಣದಲ್ಲಿಯೂ ದುಡಿದ ನಾಯಕರು. ಕೌಜಲಗಿ ಹನುಮಂತರಾಯರು ಗಾಂಧೀಜಿಯವರ ದಾರಿ ಹಿಡಿದು ಸೆರೆಮನೆ ಕಂಡ ತಲೆಮಾರಿನವರು. ಇತ್ತ ಬೈಲಹೊಂಗಲದಿಂದ ವಿಧಾನಸಭೆಗೆ ಆರಿಸಿ ಹೋದವರಲ್ಲಿಯೂ ಕೌಜಲಗಿ ಹೆಸರಿನವರಿದ್ದಾರೆ. ಇವರೆಲ್ಲ ಒಂದೇ ಮನೆತನದವರಲ್ಲ, ಒಂದೇ ಜಾತಿಯವರೂ ಅಲ್ಲ. ಹೆಸರು ಮಾತ್ರ ಒಂದೇ.

ಈ ಸಾಲಿನಲ್ಲಿಯೇ ಇನ್ನೊಂದು ಹೆಸರಿದೆ: ಕೌಜಲಗಿ ನಿಂಗಮ್ಮ. ಶ್ರೀಕೃಷ್ಣ ಪಾರಿಜಾತವನ್ನು ಉತ್ತರ ಕರ್ನಾಟಕದ ಮನೆಮಾತಾಗಿಸಿದ ಕಲಾವಿದೆ. ಶಾಸನಸಭೆಯ ಮೆಟ್ಟಿಲು ಹತ್ತಿದವರಲ್ಲ, ಸೆರೆಮನೆಗೆ ಹೋದವರಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ, ನನ್ನ ತಾಯಿಯ ತಲೆಮಾರಿನವರ ಎದುರು "ಕೌಜಲಗಿ" ಎಂದರೆ ಅವರು ಕೇಳುತ್ತಿದ್ದುದು "ಯಾರು, ನಿಂಗವ್ವನ ಊರೇ?" ಎಂದು. ದೇಶಭಕ್ತರ ಬಗ್ಗೆ ಅವರಿಗೆ ಗೌರವ ಕಡಿಮೆ ಇತ್ತೆಂದಲ್ಲ. ನಿಂಗವ್ವನ ಹಾಡು ಅವರ ಕಿವಿಯಲ್ಲಿತ್ತು.

ಮೊಬೈಲಿನ ಕಾಲದಲ್ಲಿ ಹುಟ್ಟಿದ ಮೊಮ್ಮಕ್ಕಳಿಗಾಗಿ ಪಾರಿಜಾತದ ಬಗ್ಗೆ ಸ್ವಲ್ಪ ಹೇಳುವುದು ಒಳ್ಳೆಯದು. ಕಥೆ ಸಣ್ಣದು. ನಾರದರು ತಂದ ಪಾರಿಜಾತದ ಹೂವು ಕೃಷ್ಣನ ಕೈಯಿಂದ ರುಕ್ಮಿಣಿಗೆ ಸೇರುತ್ತದೆ. ಸುದ್ದಿ ತಿಳಿದ ಸತ್ಯಭಾಮೆ ಮುನಿಯುತ್ತಾಳೆ. ಆ ಮುನಿಸು ಇಳಿಯಲು ಒಂದು ರಾತ್ರಿ ಪೂರ್ತಿ ಬೇಕು. ಹಾರ್ಮೋನಿಯಂ, ತಬಲಾ, ತಾಳ ಇಷ್ಟೇ ಮೇಳ. ಭಾಗವತನೂ ದೂತಿಯೂ ನಡುನಡುವೆ ನಮ್ಮ ಮನೆಯ ಜಗಲಿಯ ಮಾತಿನಲ್ಲಿಯೇ ನಗಿಸುತ್ತಾರೆ. ಭಾಮೆಯ ಪದಗಳು ಏರುವಾಗ ಆ ನಗು ತಾನಾಗಿ ನಿಲ್ಲುತ್ತದೆ. ನಾನು ಹುಡುಗನಾಗಿದ್ದಾಗ ಕಂಬಳಿ ಹೊದ್ದು ಮುಂದಿನ ಸಾಲಿನಲ್ಲಿ ಕೂತು ನೋಡಿದ್ದೇನೆ. ಎರಡನೇ ಜಾವಕ್ಕೆ ನಿದ್ದೆ ಹೋಗುತ್ತಿದ್ದೆ. ಭಾಮೆಯ ಕೋಪ ಇಳಿದದ್ದನ್ನು ನಾನು ಕಂಡದ್ದು ಬಹಳ ವರ್ಷಗಳ ಬಳಿಕ.

ಈ ಆಟದ ಹುಟ್ಟಿನಲ್ಲಿಯೇ ಹೆಸರಿನ ಒಂದು ಪ್ರಸಂಗವಿದೆ. ಪಾರಿಜಾತದೊಡನೆ ಇಬ್ಬರು ತಮ್ಮಣ್ಣರ ಹೆಸರು ಬರುತ್ತದೆ. ಒಬ್ಬರು ಇದನ್ನು ರಚಿಸಿದ ಅಪರಾಳ ತಮ್ಮಣ್ಣ. ಇನ್ನೊಬ್ಬರು ಅದಕ್ಕೆ ಆಟದ ರೂಪ ಕೊಟ್ಟು ಜನರ ನಡುವೆ ನಿಲ್ಲಿಸಿದ ಕುಲಗೋಡ ತಮ್ಮಣ್ಣ. ಕುಲಗೋಡ ನಮ್ಮ ಸೀಮೆಯದೇ, ಕೌಜಲಗಿಗೆ ದೂರವಿಲ್ಲ. ಇಬ್ಬರ ಹೆಸರೂ ಒಂದೇ ಆದುದರಿಂದ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ತೋರಿಸುವುದು ಮುಂದಿರುವ ಊರಿನ ಹೆಸರು ಮಾತ್ರ. ಆ ಒಂದು ಶಬ್ದವನ್ನು ಅಳಿಸಿದರೆ ಇಬ್ಬರು ಮನುಷ್ಯರು ಒಬ್ಬರಾಗಿಬಿಡುತ್ತಾರೆ, ಒಬ್ಬರ ಜೀವಮಾನದ ದುಡಿಮೆ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ. ಅಡ್ಡಹೆಸರೆಂದರೆ ಬರೀ ಅಲಂಕಾರವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಒಂದೇ ಹೆಸರನ್ನು ನಾಯಕರೂ ಆಟದವರೂ ಹಂಚಿಕೊಂಡಾಗ ಏನಾಗುತ್ತದೆ ಎಂಬುದನ್ನು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಜನ ಕಂಡಿದ್ದಾರೆ. ನಾನು ಇತಿಹಾಸ ಕಲಿಸುತ್ತಿದ್ದಾಗ ಜೂಲಿಯಸ್ ಸೀಸರನ ಪಾಠಕ್ಕಾಗಿ ಒಂದಿಷ್ಟು ಓದಿಕೊಂಡಿದ್ದೆ. ಆಗ ಪರಿಚಯವಾದದ್ದು ರೋಸ್ಕಿಯಸ್ ಎಂಬ ಮನೆತನದ ಹೆಸರು. ರೋಮಿನವರಲ್ಲಿ ಪ್ರತಿಯೊಬ್ಬನಿಗೂ ಸ್ವಂತ ಹೆಸರಿನ ಮುಂದೆ ಮನೆತನದ ಹೆಸರು ಬರುತ್ತಿತ್ತು. ಬಿಡುಗಡೆ ಹೊಂದಿದ ಗುಲಾಮನಿಗೂ ತನ್ನ ಹಳೆಯ ಒಡೆಯನ ಮನೆತನದ ಹೆಸರೇ ಸಿಗುತ್ತಿತ್ತು. ಹೀಗಾಗಿ ಒಂದೇ ಹೆಸರಿನ ಅಡಿಯಲ್ಲಿ ಶ್ರೀಮಂತನೂ ಇರುತ್ತಿದ್ದ, ಗುಲಾಮಗಿರಿಯಿಂದ ಬಂದವನೂ ಇರುತ್ತಿದ್ದ.

ಮೊದಲ ರೋಸ್ಕಿಯಸ್ ಕ್ರಿ.ಪೂ. 5ನೆಯ ಶತಮಾನದ ರಾಯಭಾರಿ. ಫಿದೇನೆ ಎಂಬ ಊರಿಗೆ ಸಂಧಾನಕ್ಕೆ ಹೋದ ನಾಲ್ವರಲ್ಲಿ ಒಬ್ಬ. ಅಲ್ಲಿ ನಾಲ್ವರನ್ನೂ ಕೊಂದರು. ರೋಮ್ ಅವರ ಪ್ರತಿಮೆಗಳನ್ನು ಸಾರ್ವಜನಿಕ ಭಾಷಣ ನಡೆಯುವ ಕಟ್ಟೆಯ ಮೇಲೆಯೇ ನಿಲ್ಲಿಸಿತು. ಎರಡನೆಯವನು ಅಮೇರಿಯ ಎಂಬ ಊರಿನ ಜಮೀನ್ದಾರನ ಮಗ ಸೆಕ್ಸ್ಟಸ್ ರೋಸ್ಕಿಯಸ್. ಇವನ ತಂದೆ ರೋಮಿನ ಬೀದಿಯಲ್ಲಿ ಕೊಲೆಯಾದ. ಅವರ 13 ತೋಟಗಳು, 60 ಲಕ್ಷ ನಾಣ್ಯ ಬೆಲೆಯವು, ಸರ್ವಾಧಿಕಾರಿ ಸುಲ್ಲಾನ ನೆಚ್ಚಿನವನೊಬ್ಬನ ಪಾಲಿಗೆ ಬರೀ 2,000ಕ್ಕೆ ಹರಾಜಾದವು. ಮೇಲೆ ತಂದೆಯನ್ನು ಕೊಂದ ಆರೋಪವೂ ಮಗನ ತಲೆಗೇ ಬಂತು. ಕ್ರಿ.ಪೂ. 80ರಲ್ಲಿ 26 ವರ್ಷದ ಯುವಕ ಸಿಸೆರೊ ಅವನ ಪರವಾಗಿ ವಾದಿಸಿ ಬಿಡಿಸಿದ. ಮೂರನೆಯವನು ಲೂಸಿಯಸ್ ರೋಸ್ಕಿಯಸ್ ಓಥೊ. ಕ್ರಿ.ಪೂ. 67ರಲ್ಲಿ ನಾಟಕಶಾಲೆಯ ಮುಂದಿನ 14 ಸಾಲುಗಳನ್ನು ಒಂದು ಸಿರಿವಂತ ವರ್ಗಕ್ಕೆ ಮೀಸಲಿಡುವ ಕಾನೂನು ತಂದವನು. ನಾಲ್ಕು ವರ್ಷಗಳ ಬಳಿಕ ಅವನು ನಾಟಕಕ್ಕೆ ಬಂದಾಗ ಹಿಂದಿನ ಸಾಲಿನವರು ಎದ್ದು ಗಲಾಟೆ ಎಬ್ಬಿಸಿದರು. ಅವರನ್ನು ಸಮಾಧಾನಪಡಿಸಲು ಸಿಸೆರೊನೇ ಬರಬೇಕಾಯಿತು. ನಮ್ಮ ಜಾತ್ರೆಯ ಆಟಗಳಲ್ಲಿ ಊರ ಹಿರಿಯರಿಗೆ ಮುಂದೆ ಕುರ್ಚಿ ಹಾಕುತ್ತಿದ್ದುದನ್ನು, ಹಿಂದಿನ ಹುಡುಗರು ಸಿಳ್ಳೆ ಹಾಕುತ್ತಿದ್ದುದನ್ನು ಕಂಡವರಿಗೆ ಇದು ಪರದೇಶದ ಕಥೆ ಎನಿಸುವುದಿಲ್ಲ.

ನಾಲ್ಕನೆಯವನೇ ನಟ, ಕ್ವಿಂಟಸ್ ರೋಸ್ಕಿಯಸ್. ಹುಟ್ಟಿನಿಂದ ಗುಲಾಮನಾಗಿದ್ದನೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ರೋಮಿನ ಜನ ನಾಟಕವನ್ನು ಎಷ್ಟು ಮೆಚ್ಚುತ್ತಿದ್ದರೋ ನಾಟಕದವರನ್ನು ಅಷ್ಟೇ ಕೀಳಾಗಿ ಕಾಣುತ್ತಿದ್ದರು. ರಂಗದ ಮೇಲೆ ದುಡಿದು ಉಣ್ಣುವವನಿಗೆ ಸಮಾಜದಲ್ಲಿ ಮಾನವಿರಲಿಲ್ಲ, ಅಧಿಕಾರದ ಸ್ಥಾನಗಳು ಕಾನೂನಿನಿಂದಲೇ ಮುಚ್ಚಿದ್ದವು. ಅಂಥ ಕಾಲದಲ್ಲಿ ಸುಲ್ಲಾ ಈ ನಟನಿಗೆ ಗೌರವದ ಚಿನ್ನದ ಉಂಗುರ ಕೊಟ್ಟು ಮೇಲಿನ ವರ್ಗಕ್ಕೆ ಏರಿಸಿದ. ಸಿಸೆರೊ ಇವನ ಗೆಳೆಯನಾದ, ಇವನ ಪರವಾಗಿಯೂ ಒಂದು ದಾವೆಯಲ್ಲಿ ವಾದಿಸಿದ. ಒಂದೇ ಭಾವವನ್ನು ತಾನು ಮಾತಿನಲ್ಲಿ ಎಷ್ಟು ಬಗೆಯಾಗಿ ಹೇಳಬಲ್ಲೆ, ರೋಸ್ಕಿಯಸ್ ಅಭಿನಯದಲ್ಲಿ ಎಷ್ಟು ಬಗೆಯಾಗಿ ತೋರಬಲ್ಲ ಎಂದು ಇಬ್ಬರೂ ಪಂದ್ಯ ಕಟ್ಟುತ್ತಿದ್ದರಂತೆ. ವಯಸ್ಸಾದಂತೆ ಕೊಳಲಿನವನಿಗೆ ಲಯ ತಗ್ಗಿಸಲು ಹೇಳುತ್ತೇನೆ ಎಂದು ಈ ನಟ ಹೇಳುತ್ತಿದ್ದುದನ್ನು ಸಿಸೆರೊ ಬರೆದಿಟ್ಟಿದ್ದಾನೆ. ಅದನ್ನು ಓದಿದಾಗ ನನಗೆ ನಮ್ಮ ಕಡೆಯ ಮುದಿ ಭಾಗವತರೊಬ್ಬರು ನೆನಪಾದರು. ಉಸಿರು ಸಾಲದಾದಾಗ ಅವರು ತಾಳದವನ ಕಡೆ ಒಮ್ಮೆ ನೋಡುತ್ತಿದ್ದರು. ಪದ ತಾನಾಗಿ ನಿಧಾನವಾಗುತ್ತಿತ್ತು. ಕೂತವರಿಗೆ ಅದೂ ಒಂದು ಸೊಗಸೆಂದೇ ತೋರುತ್ತಿತ್ತು.

ಕ್ರಿ.ಪೂ. 62ರ ಸುಮಾರಿಗೆ ನಟ ತೀರಿಕೊಂಡ. ಆಮೇಲೆ ನಡೆದದ್ದು ನನ್ನ ವಾದಕ್ಕೆ ಮುಖ್ಯ. ಯಾವ ಕೆಲಸದಲ್ಲಾಗಲಿ ಪರಿಣತನಾದವನನ್ನು ಅವನ ಕಸುಬಿನ ರೋಸ್ಕಿಯಸ್ ಎಂದು ಕರೆಯುವ ರೂಢಿ ಅವನು ಬದುಕಿದ್ದಾಗಲೇ ಹುಟ್ಟಿತ್ತು. 16 ಶತಮಾನಗಳ ಬಳಿಕ ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ಆ ಹೆಸರು ಮತ್ತೆ ಕೇಳಿಸಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡನ್ನು ಮರುಳುಮಾಡಿದ ಬಾಲನಟ ಬೆಟ್ಟಿಯನ್ನು ಎಳೆಯ ರೋಸ್ಕಿಯಸ್ ಎಂದರು. ನ್ಯೂಯಾರ್ಕಿನಲ್ಲಿ 1807ರಲ್ಲಿ ಹುಟ್ಟಿ, ಬಣ್ಣದ ಕಾರಣಕ್ಕೆ ಸ್ವದೇಶದಲ್ಲಿ ರಂಗ ಸಿಗದೆ ಯುರೋಪಿಗೆ ಹೋಗಿ ಒಥೆಲೊ ಪಾತ್ರದಿಂದ ಹೆಸರಾದ ಕಪ್ಪು ನಟ ಐರಾ ಆಲ್ಡ್ರಿಜ್‌ನನ್ನು ಆಫ್ರಿಕದ ರೋಸ್ಕಿಯಸ್ ಎಂದರು. ಪ್ರತಿಮೆ ಪಡೆದ ರಾಯಭಾರಿಯ ಹೆಸರನ್ನಾಗಲಿ, ಮುಂದಿನ ಸಾಲು ಕಾದಿರಿಸಿದ ಶಾಸಕನ ಹೆಸರನ್ನಾಗಲಿ ಹೀಗೆ ಬಿರುದಾಗಿ ಯಾರೂ ಧರಿಸಲಿಲ್ಲ. ಒಡೆಯನ ಮನೆಯಿಂದ ಎರವಲು ಬಂದಿರಬಹುದಾದ ಹೆಸರಿಗೆ ಅರ್ಥ ಕೊಟ್ಟವನು ನಟ.

ಇದನ್ನು ಹೇಳಿದ್ದು ನಾಯಕರಿಗಿಂತ ನಟರು ದೊಡ್ಡವರೆಂದು ಸಾಧಿಸಲಿಕ್ಕಲ್ಲ. ಶ್ರೀನಿವಾಸರಾಯರಂಥವರು ದುಡಿಯದಿದ್ದರೆ ನಮ್ಮ ಕನ್ನಡ ಸಾಲೆಗಳ ಗತಿ ಏನಾಗುತ್ತಿತ್ತೆಂದು ಗಡಿ ಭಾಗದ ಮಾಸ್ತರನಾದ ನನಗೆ ಯಾರೂ ಕಲಿಸಬೇಕಾಗಿಲ್ಲ. ನನ್ನ ಮಾತು ಬೇರೆ. ಒಂದೇ ಹೆಸರಿನಡಿ ಬಂದವರನ್ನು ನಾವು ಒಂದೇ ಪಂಕ್ತಿಯಲ್ಲಿ ಕೂಡಿಸುವುದಿಲ್ಲ. ತಾಲೂಕಿನ ಮಹನೀಯರ ಪಟ್ಟಿ ಮಾಡುವಾಗ ಮೊದಲು ಹೋರಾಟಗಾರರು, ಆಮೇಲೆ ಶಾಸಕರು, ಸಾಹಿತಿಗಳು, ಸಹಕಾರ ಸಂಘದ ಧುರೀಣರು. ಕೊನೆಗೆ, ಹಾಳೆಯಲ್ಲಿ ಜಾಗವಿದ್ದರೆ, 'ಇತರರು' ಎಂಬ ತಲೆಬರಹದಡಿ ಬಯಲಾಟದವರು. ಇಂಥ ಪಟ್ಟಿಗಳನ್ನು ಶಾಲೆಯ ಗೋಡೆಗಳ ಮೇಲೆ ಬರೆಸಿದವರಲ್ಲಿ ನಾನೂ ಒಬ್ಬ. ಆಟದ ಮಧ್ಯದಲ್ಲಿಯೂ ಹೀಗೆಯೇ ನಡೆಯುತ್ತಿತ್ತು. ಐದು ರೂಪಾಯಿ ಕಾಣಿಕೆ ಕೊಟ್ಟವರ ಹೆಸರನ್ನು ತಂದೆಯ ಹೆಸರು, ಅಡ್ಡಹೆಸರು ಸಹಿತ, ಪದ ನಿಲ್ಲಿಸಿ ಕೂಗುತ್ತಿದ್ದರು. ರಾತ್ರಿಯಿಡೀ ಹಾಡಿದ ಭಾಮೆಯ ಹೆಸರನ್ನು ಯಾರೂ ಕೂಗುತ್ತಿರಲಿಲ್ಲ.

ಈಗ ನನ್ನ ಸಾಲದ ಮಾತಿಗೆ ಬರುತ್ತೇನೆ. ಎಪ್ಪತ್ತರ ದಶಕ. ನಾನು ಆಗ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಊರಿನ ಹೆಸರು ಬೇಡ. ಜೂನ್ ತಿಂಗಳ ಮೊದಲ ವಾರ, ಹೊಸ ಮಕ್ಕಳ ಹೆಸರು ದಾಖಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಬ್ಬ ಹೆಂಗಸು ಆರು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಪಾರಿಜಾತದ ಒಂದು ಮೇಳದಲ್ಲಿ ವರ್ಷಗಟ್ಟಲೆ ಪಾತ್ರ ಮಾಡಿದವಳು. ನಾನೂ ಅವಳ ಆಟ ನೋಡಿದ್ದೆ. ಮಗುವಿನ ಹೆಸರು, ಹುಟ್ಟಿದ ದಿನ ಬರೆದುಕೊಂಡು ಅಡ್ಡಹೆಸರಿನ ಕಾಲಂಗೆ ಬಂದಾಗ ಆಕೆ ಅಂದಳು:

"ಮಾಸ್ತರ್ರ, ಅಲ್ಲಿ ನಮ್ಮ ಊರ ಹೆಸರ ಬರೀರಿ. ಹತ್ತೂರ ಮಂದಿ ನನ್ನ ಅದ ಹೆಸರಿಂದ ಕರೀತಾರ."

ನನಗೆ ಒಳಗೊಳಗೇ ನಗು ಬಂತು. ಊರಲ್ಲೇ ಇರುವವರಿಗೆ ಊರ ಹೆಸರೇಕೆ, ಆ ಹೆಸರಿನ ದೊಡ್ಡ ಮನೆತನವೊಂದು ಪಕ್ಕದ ಊರಲ್ಲಿದೆ, ಅವರು ಏನೆಂದಾರು ಎಂದೆಲ್ಲ ಯೋಚಿಸಿದೆ. ಆಕೆಗೆ ಓದು ಬರುತ್ತಿರಲಿಲ್ಲ. "ಆಗಲಿ" ಎಂದು ಹೇಳಿ, ಓಣಿಯವರು ಆ ಮನೆಯನ್ನು ಕರೆಯುತ್ತಿದ್ದಂತೆ, 'ಆಟದವರ' ಎಂದು ಬರೆದೆ. ಸುಳ್ಳನ್ನೇನೂ ಬರೆಯಲಿಲ್ಲವೆಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಆಕೆ ಹೆಬ್ಬೆಟ್ಟು ಒತ್ತಿ, ಕೈಮುಗಿದು ಹೋದಳು.

ಆ ದಿನದಿಂದ ಬೆಳಿಗ್ಗೆ ಹಾಜರಿ ಕರೆಯುವಾಗಲೆಲ್ಲ ಆ ಹೆಸರು ಬಂದೊಡನೆ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು ಏಳುತ್ತಿತ್ತು. "ಏ ಆಟದಾಕಿ, ಒಂದು ಪದಾ ಹಾಡ" ಎಂದು ಹುಡುಗರು ಕಾಡುತ್ತಿದ್ದರು. ನಾನು ಕಾಡಿದವರ ಕಿವಿ ಹಿಂಡುತ್ತಿದ್ದೆ, ಕೋಲು ತೋರಿಸುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಆ ಹೆಸರನ್ನು ಬರೆದವನು ನಾನೇ ಎಂಬುದನ್ನು ಮಾತ್ರ ಮರೆತಿದ್ದೆ. ಹುಡುಗಿಗೆ ಒಳ್ಳೆಯ ಕಂಠವಿತ್ತು. ಆಗಸ್ಟ್ 15ಕ್ಕೆ ಹಾಡಲು ಕರೆದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು, ಬಾಯಿ ತೆರೆಯುತ್ತಿರಲಿಲ್ಲ. ಏಳನೆಯ ಇಯತ್ತೆ ಮುಗಿಯುವ ಮುನ್ನವೇ ಶಾಲೆ ಬಿಟ್ಟಳು. ಬಡತನವೂ ಕಾರಣವಿರಬಹುದು. ಬಡತನದ ಮೇಲೆ ಹಾಕಿ ನಾನು ಬಹಳ ವರ್ಷ ನೆಮ್ಮದಿಯಾಗಿದ್ದೆ.

ಇಪ್ಪತ್ತು ವರ್ಷಗಳ ಬಳಿಕ ನನ್ನನ್ನು ಹುಡುಕಿಕೊಂಡು ಬಂದಳು. ಒಂದು ಸಣ್ಣ ನೌಕರಿಗಾಗಿ ಅರ್ಜಿ ಹಾಕಿದ್ದಳು. ಶಾಲೆ ಬಿಟ್ಟ ದಾಖಲೆಯಲ್ಲಿ ಒಂದು ಅಡ್ಡಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. "ಸರ್, ನೀವು ಬರೆದದ್ದಂತ, ನೀವೇ ತಿದ್ದಬಹುದಂತ?" ಎಂದು ಕೇಳಿದಳು. ದೂರುವ ಧ್ವನಿಯಲ್ಲ, ಬರೀ ಕೇಳುವ ಧ್ವನಿ. ರಜಿಸ್ಟರಿನಲ್ಲಿ ಒಮ್ಮೆ ಬರೆದದ್ದನ್ನು ಮಗು ಶಾಲೆ ಬಿಟ್ಟ ಮೇಲೆ ಮಾಸ್ತರನಾದವನು ತಿದ್ದಲಾಗದು. ಅಫಿಡವಿಟ್ಟು, ವಕೀಲರು, ಕಚೇರಿ ಅಲೆದಾಟ ಎಂದು ವಿವರಿಸಿದೆ. ಅವಳಿಗೆ ಅದಕ್ಕೆಲ್ಲ ಹಣವಿರಲಿಲ್ಲ. ನಾನು ಕೊಡಲು ಮುಂದಾದೆ, ಅವಳು ತೆಗೆದುಕೊಳ್ಳಲಿಲ್ಲ. ಹೊರಡುವಾಗ, "ಅಜ್ಜಿ ಸಾಯೂತನಕ ಅಂತಿದ್ಲರಿ, ಮಾಸ್ತರ ನಿನ್ನ ಹೆಸರಿನ ಮುಂದ ಊರು ಬರದಾರ ಅಂತ" ಎಂದಳು. ಅಜ್ಜಿಗೆ ನಿಜ ಹೇಳುವ ಮನಸ್ಸು ಮೊಮ್ಮಗಳಿಗೆ ಬಂದಿರಲಿಲ್ಲ.

ಆ ಹೆಂಗಸು ಕೇಳಿದ್ದು ಎಷ್ಟು ದೊಡ್ಡದೆಂದು ನನಗೆ ಈಗ ಅರ್ಥವಾಗುತ್ತದೆ. ಕಸುಬು ಅವಳ ಮನೆಯ ಮೇಲೆ ಒಂದು ಹೆಸರು ಹೊರಿಸಿತ್ತು. ಕಲೆ ಅವಳಿಗೆ ಇನ್ನೊಂದು ಹೆಸರು ಕೊಟ್ಟಿತ್ತು. ಮೊದಲನೆಯದು ಅವಳಿಗೇ ಮುಗಿಯಲಿ, ಎರಡನೆಯದು ಮೊಮ್ಮಗಳಿಗೆ ದಾಟಲಿ ಎಂದು ಆಕೆ ಬಯಸಿದಳು. ಕೌಜಲಗಿ ನಿಂಗಮ್ಮನಿಗೆ ಜನ ಕೊಟ್ಟದ್ದೂ ಇದೇ ಗೌರವ. ಜನರ ಬಾಯಿ ಕೊಟ್ಟದ್ದನ್ನು ನನ್ನ ಲೇಖನಿ ಕಿತ್ತುಕೊಂಡಿತು. ರೋಮಿನ ಕಾನೂನು ನಟರಿಗೆ ಮಾಡಿದ್ದನ್ನು ಓದಿ ಮರುಗಿದ ನಾನು, ಯಾವ ಕಾನೂನೂ ಹೇಳದಿದ್ದರೂ ಅದನ್ನೇ ಮಾಡಿದ್ದೆ.

ಇದಕ್ಕೆ ಒಬ್ಬ ಬಂಧು ಆಕ್ಷೇಪ ಎತ್ತಿದರು. "ಹೆಸರಿನಿಂದ ಹೊಟ್ಟೆ ತುಂಬುವುದೇ? ಕಲಾವಿದರಿಗೆ ಮಾಸಾಶನ ಬೇಕು, ಮಕ್ಕಳಿಗೆ ಓದು ಬೇಕು. ಅಡ್ಡಹೆಸರನ್ನು ಕಟ್ಟಿಕೊಂಡು ಏನು ಮಾಡುತ್ತಾರೆ?" ಮಾತು ಪೂರ್ತಿ ತಪ್ಪಲ್ಲ. ಆದರೆ ಮಾಸಾಶನದ ಅರ್ಜಿಯಲ್ಲಿಯೂ ಮೊದಲು ತುಂಬಬೇಕಾದದ್ದು ಹೆಸರಿನ ಕಾಲಂ. ಯಾವ ಮೇಳದಲ್ಲಿ ಯಾರು ಯಾವ ಪಾತ್ರ ಮಾಡಿದರೆಂಬುದು ಬರಹದಲ್ಲಿ ಇಲ್ಲದಿದ್ದರೆ ಮುಪ್ಪಿನಲ್ಲಿ ಆ ಕಲಾವಿದೆ ತಾನು ಕಲಾವಿದೆಯೆಂದು ಯಾವ ಕಾಗದ ತೋರಿಸಬೇಕು? ಹಾಗೆಯೇ, ಹೆಸರು ಕರೆದಾಗ ನಗು ಏಳುವ ತರಗತಿಯಲ್ಲಿ ಮಗು ಓದುವುದು ಕಷ್ಟ. ಹೆಸರೂ ಹೊಟ್ಟೆಯೂ ನನ್ನ ಬಂಧು ತಿಳಿದಷ್ಟು ದೂರವಿಲ್ಲ.

ಇನ್ನೊಂದು ಆಕ್ಷೇಪವನ್ನು ನಾನೇ ಹಾಕಿಕೊಂಡಿದ್ದೇನೆ. 'ಆಟದವರ' ಎಂಬುದರಲ್ಲಿ ತಪ್ಪೇನು, ಕಂಬಾರ, ಬಡಿಗೇರ, ಹೂಗಾರ ಎಂಬ ಹೆಸರುಗಳಿಲ್ಲವೇ, ನಗುವವರ ಬಾಯಿ ಮುಚ್ಚಿಸಬೇಕೇ ಹೊರತು ಹೆಸರು ಮುಚ್ಚಬಾರದು ಎಂದು. ನ್ಯಾಯವಾದ ಮಾತೇ. ಮುಂದೊಂದು ದಿನ ಆ ಹೆಸರನ್ನು ಯಾರಾದರೂ ಅಭಿಮಾನದಿಂದ ಇಟ್ಟುಕೊಂಡರೆ ನನಗೆ ಸಂತೋಷವೇ. ಆದರೆ ಆಯ್ಕೆ ಅವರದಾಗಿರಬೇಕು. ಆ ದಿನ ಆಯ್ಕೆ ಮಾಡಿದವನು ನಾನು, ಹೊತ್ತವಳು ಆರು ವರ್ಷದ ಮಗು.

ಆದುದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಎರಡು ಕೋರಿಕೆ. ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರು, ಗ್ರಾಮ ಪಂಚಾಯಿತಿಯ ಸದಸ್ಯರು, ಕಚೇರಿಗಳಲ್ಲಿ ಹೆಸರು ಬರೆಯುವ ಕೆಲಸದವರು. ಎದುರಿಗೆ ನಿಂತವರು ತಮ್ಮ ಹೆಸರು ಇದು ಎಂದರೆ ಅದನ್ನೇ ಬರೆಯಿರಿ. ನಿಮಗೆ ಹೆಚ್ಚು ತಿಳಿದಿದೆ ಎನಿಸಿದರೂ ಅದನ್ನೇ ಬರೆದು, ಬರೆದದ್ದನ್ನು ಅವರಿಗೆ ಓದಿ ಹೇಳಿರಿ. ಎರಡನೆಯದಾಗಿ, ನಿಮ್ಮ ಊರಿನ ಪಾರಿಜಾತ, ಸಣ್ಣಾಟ, ದೊಡ್ಡಾಟಗಳಲ್ಲಿ ಪಾತ್ರ ಮಾಡಿದವರ ಹೆಸರುಗಳನ್ನು, ಯಾರು ಯಾವ ಪಾತ್ರ, ಯಾರು ಹಾರ್ಮೋನಿಯಂ, ಯಾರು ತಾಳ ಎಂಬುದನ್ನು, ಹಿರಿಯರು ಇರುವಾಗಲೇ ಕೇಳಿ ಒಂದು ವಹಿಯಲ್ಲಿ ಬರೆದಿಡಿ. ಊರ ಮಹನೀಯರ ಪಟ್ಟಿ ಗೋಡೆಗೆ ಬರೆಸುವಾಗ 'ಇತರರು' ಎಂಬ ತಲೆಬರಹ ಬೇಡ. ಕೌಜಲಗಿ ಶ್ರೀನಿವಾಸರಾಯರು, ಕೌಜಲಗಿ ಹನುಮಂತರಾಯರು, ಕೌಜಲಗಿ ನಿಂಗಮ್ಮ ಎಂದು ಒಂದೇ ಸಾಲಿನಲ್ಲಿ ಬರೆದರೆ ಯಾರ ಗೌರವವೂ ಕುಂದುವುದಿಲ್ಲ.

ಪುಣೆಯ ಶಿಷ್ಯನಿಗೆ ಮತ್ತೆ ನಾನೇ ದೂರವಾಣಿ ಮಾಡಿದೆ. "ಮಗಳಿಗೆ ಹೀಗೆ ಹೇಳು: ಅಡ್ಡಹೆಸರಿನ ಊರಲ್ಲಿ ನಮಗೆ ಹೊಲವಿಲ್ಲ. ಆದರೆ ಆ ಹೆಸರನ್ನು ಹೊತ್ತು ಹಾಡಿದವರು, ಹೋರಾಡಿದವರು ಇದ್ದಾರೆ. ಅವರೆಲ್ಲರ ಜೊತೆ ನಮಗೂ ಆ ಹೆಸರಿನಲ್ಲಿ ಒಂದು ಪಾಲು ಬಂದಿದೆ" ಎಂದೆ. ಹುಡುಗಿ ಹತ್ತು ಸಾಲಿಗೆ ಬದಲಾಗಿ ಎರಡು ಪುಟ ಬರೆದಳಂತೆ. ನನ್ನ ಇನ್ನೊಬ್ಬ ಶಿಷ್ಯೆ ಎಲ್ಲಿದ್ದಾಳೋ, ಇದನ್ನು ಓದುತ್ತಾಳೋ ಇಲ್ಲವೋ. ಓದಿದರೆ, ತಾಯಿ, ನಿನ್ನ ಅಜ್ಜಿ ಕೇಳಿದ ಹೆಸರೇ ನಿನ್ನದು. ರಜಿಸ್ಟರಿನಲ್ಲಿ ತಪ್ಪು ಬರೆದವನು ನಾನು.